ಹಡಗು, ಹಳಿ, ಬಾಗಿಲು: ಸರ್ಕಾರಿ ಖರೀದಿಯಲ್ಲಿ ಮರದ ಕಥೆ

ಭಾರತದ ಕಾಡುಗಳ ಬೆಲೆಬಾಳುವ ನಾಟಾಕ್ಕೆ ಹೆಚ್ಚುಕಡಿಮೆ ಇನ್ನೂರು ವರ್ಷ ಅತಿ ದೊಡ್ಡ ಗಿರಾಕಿಯಾಗಿದ್ದದ್ದು ಸರ್ಕಾರವೇ. ಮೊದಲು ಹಡಗುಕಟ್ಟೆಗೆ ತೇಗ, ಆಮೇಲೆ ಹಳಿಗೆ ಸ್ಲೀಪರ್ ಮತ್ತು ಇಂಜಿನ್ನಿಗೆ ಸೌದೆ, ಕೊನೆಗೆ ಕಚೇರಿ, ಆಸ್ಪತ್ರೆ, ವಸತಿಗೃಹಗಳಿಗೆ ಬಾಗಿಲು ಕಿಟಕಿ. ಸರ್ಕಾರ ತಾನು ಕೊಳ್ಳುವ ವಸ್ತುವಿಗೆ ಪರಿಸರದ ಷರತ್ತು ಹಾಕಬೇಕೆಂಬುದು 1990ರ ದಶಕದ ಹೊಸ ವಿಚಾರ ಎಂಬಂತೆ ಇಂದಿನ ಚರ್ಚೆಗಳು ನಡೆಯುತ್ತವೆ. ಭಾರತದಲ್ಲಿ ಅದರ ಬೇರು ಬಹಳ ಹಿಂದಿನದು; ಅರಣ್ಯ ಇಲಾಖೆ ಹುಟ್ಟಿದ್ದೇ ದೊಡ್ಡ ಗಿರಾಕಿಗೆ ಮರ ಸಿಗದೇ ಹೋದೀತೆಂಬ ದಿಗಿಲಿನಿಂದ. ಹಾಗೆ ಹಾಕಿದ ಷರತ್ತುಗಳಿಂದ ಕಾಡಿಗೆ ಆದದ್ದೇನು ಎಂದು ಲೆಕ್ಕ ಹಾಕಿ ನೋಡಿದವರು ಮಾತ್ರ ಕಡಿಮೆ.

ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಮಲಬಾರಿನ ಕಾಡುಗಳಿಗೆ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಇಂಗ್ಲೆಂಡಿನಲ್ಲಿ ಓಕ್ ಮರ ಸಾಲದಾಗಿತ್ತು, ನೆಪೋಲಿಯನ್ನನೊಡನೆ ಯುದ್ಧ ನಡೆದಿತ್ತು, ಮುಂಬೈ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಬಡಗಿಗಳು ಬ್ರಿಟಿಷ್ ನೌಕಾಪಡೆಗೆ ತೇಗದ ಹಡಗು ಕಟ್ಟುತ್ತಿದ್ದರು. 1817ರಲ್ಲಿ ಅಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ವಾಟ್ಸನ್ ಮಾಡಿದ ಕೆಲಸಕ್ಕೆ ಸಂರಕ್ಷಣೆ ಎಂಬ ಹೆಸರಿದ್ದರೂ ಅದು ನಡೆದದ್ದು ಏಕಸ್ವಾಮ್ಯವಾಗಿ. ತೇಗದ ಮೇಲೆ ಸರ್ಕಾರಕ್ಕೆ ಹಕ್ಕು ಎಂದು ಸಾರಿ ಖಾಸಗಿ ಜಮೀನಿನ ಮರವನ್ನೂ ಅದರೊಳಗೆ ಸೇರಿಸಲಾಯಿತು. ದರ ಗೊತ್ತುಮಾಡುವವನೂ ಸರ್ಕಾರ, ಕೊಳ್ಳುವವನೂ ಸರ್ಕಾರ ಎಂದಾದಾಗ ತೇಗ ನೆಟ್ಟು ಬೆಳೆಸುವ ಉತ್ಸಾಹ ಜಮೀನುದಾರರಲ್ಲಿ ಉಳಿಯಲಿಲ್ಲ. ಮರದ ವ್ಯಾಪಾರಿಗಳೂ ರೈತರೂ ತಿರುಗಿಬಿದ್ದರು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1823ರಲ್ಲಿ ಈ ವ್ಯವಸ್ಥೆಯನ್ನೇ ರದ್ದುಮಾಡಿದ. ಒಬ್ಬನೇ ದೊಡ್ಡ ಗಿರಾಕಿಯ ನಡೆ ಕಾಡಿನ ಹೊರಗೆ ಮರ ಬೆಳೆಸುವವರ ಮನಸ್ಸನ್ನು ಹೇಗೆ ಕೆಡಿಸಬಲ್ಲದು ಎಂಬುದಕ್ಕೆ ಇದು ಮೊದಲ ಉದಾಹರಣೆ. ಹೆಚ್ಚುಕಡಿಮೆ 170 ವರ್ಷಗಳ ನಂತರ, ಸಂರಕ್ಷಣೆಯ ಉದ್ದೇಶ ಪ್ರಾಮಾಣಿಕವಾಗಿದ್ದಾಗಲೂ ಇದೇ ತೊಡಕು ಇನ್ನೊಂದು ರೂಪದಲ್ಲಿ ಎದುರಾಯಿತು.

ಹಡಗಿಗೆ ಬೇಕಾದ ಮರ ರೈಲಿಗೆ ಬೇಕಾದ ಮರದ ಮುಂದೆ ಏನೇನೂ ಅಲ್ಲ. 1853ರ ಏಪ್ರಿಲ್ 16ರಂದು ಮುಂಬೈಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1856ರಲ್ಲಿ ಮದರಾಸಿನ ರಾಯಪುರದಿಂದ ಆರ್ಕಾಟಿನ ಕಡೆಗೆ ದಕ್ಷಿಣದ ಮೊದಲ ಮಾರ್ಗ ತೆರೆಯಿತು. 1860ರಲ್ಲಿ ದೇಶದಲ್ಲಿದ್ದ ರೈಲುಮಾರ್ಗ 1,349 ಕಿಲೋಮೀಟರ್. 1910ರ ಹೊತ್ತಿಗೆ ಅದು 51,658 ಕಿಲೋಮೀಟರ್ ಆಗಿತ್ತು. ಈ ಹಳಿಗಳ ಬಹುಭಾಗ ಮಲಗಿದ್ದು ಮರದ ಮೇಲೆ.

ಒಂದು ಸ್ಲೀಪರನ್ನು ಅಳತೆ ಹಾಕಿ ನೋಡಿದರೆ ಬೇಡಿಕೆಯ ಗಾತ್ರ ತಿಳಿಯುತ್ತದೆ. ಬ್ರಾಡ್‌ಗೇಜ್ ಮಾರ್ಗಕ್ಕೆ ಗೊತ್ತುಪಡಿಸಿದ ಮರದ ಸ್ಲೀಪರ್ 275 ಸೆಂಟಿಮೀಟರ್ ಉದ್ದ, 25 ಅಗಲ, 13 ದಪ್ಪ. ಅಂದರೆ ಒಂದು ಘನ ಮೀಟರಿನ ಹನ್ನೊಂದನೇ ಒಂದು ಭಾಗ. ಕಿಲೋಮೀಟರಿಗೆ 1,500 ಸ್ಲೀಪರ್ ಎಂದಿಟ್ಟುಕೊಂಡರೂ 130 ಘನ ಮೀಟರಿಗೆ ಮೇಲ್ಪಟ್ಟು ಕೊಯ್ದ ನಾಟಾ ಬೇಕು. ದಿಮ್ಮಿ ಕೊಯ್ಯುವಾಗ ಹೊಟ್ಟು, ಹೊರಪದರ, ಸೀಳು ಎಂದು ಅರ್ಧದಷ್ಟು ಹಾಳಾಗುತ್ತದೆ. ಹಾಗಾಗಿ ಕಡಿಯಬೇಕಾದ ಮರ ಅದರ ಎರಡರಷ್ಟು. ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಗೆದ್ದಲು, ಮಳೆ, ಬಿಸಿಲಿಗೆ ಒಡ್ಡಿದ ಮರದ ಸ್ಲೀಪರ್ ಹನ್ನೆರಡು ಹದಿನೈದು ವರ್ಷ ಬಾಳಿದರೆ ಪುಣ್ಯ. ಮೆತ್ತನೆಯ ಜಾತಿಯದಾದರೆ ಅದಕ್ಕೂ ಮೊದಲೇ ಪುಡಿ. ಹೊಸ ಮಾರ್ಗ ಹಾಕುವುದು ನಿಂತರೂ ಹಳೆಯದನ್ನು ಉಳಿಸಿಕೊಳ್ಳಲು ವರ್ಷವರ್ಷವೂ ಕಾಡಿಗೆ ಹೋಗಲೇಬೇಕು. ಆರಂಭದ ದಶಕಗಳಲ್ಲಿ ಸಂಸ್ಕರಣೆ ಇಲ್ಲದೆ ತಾಳುವ ಮರ ಎಂದು ಇಂಜಿನಿಯರುಗಳು ನಂಬಿದ್ದು ಮುಖ್ಯವಾಗಿ ಮೂರನ್ನು: ದಕ್ಷಿಣ ಮತ್ತು ಮಧ್ಯದ ತೇಗ, ಗಂಗಾ ಬಯಲಿನ ಅಂಚಿನ ಸಾಲ, ಹಿಮಾಲಯದ ದೇವದಾರು. ಭಾಗೀರಥಿ ಕಣಿವೆಯ ಹರ್ಸಿಲ್‌ನಲ್ಲಿ ನೆಲೆಯೂರಿದ ಫ್ರೆಡರಿಕ್ ವಿಲ್ಸನ್ ಎಂಬ ಇಂಗ್ಲಿಷಿನವ ದೇವದಾರಿನ ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಟ್ಟೇ ಶ್ರೀಮಂತನಾದ.

ರೈಲು ಕಂಪನಿಗಳು ಹೆಸರಿಗೆ ಖಾಸಗಿ. ಆದರೆ ಹೂಡಿದ ಬಂಡವಾಳಕ್ಕೆ ಶೇಕಡಾ 5ರ ಆದಾಯವನ್ನು ಸರ್ಕಾರ ಖಾತ್ರಿ ಮಾಡಿತ್ತು. ಕೊರೆ ಬಿದ್ದರೆ ಭಾರತದ ತೆರಿಗೆ ಹಣದಿಂದ ತುಂಬಿಕೊಡಬೇಕು. ನಷ್ಟದ ಭಯವಿಲ್ಲದ ಗಿರಾಕಿ ಕೈಹಿಡಿದು ಖರ್ಚು ಮಾಡುವುದುಂಟೆ? ಗುತ್ತಿಗೆದಾರರು ಸಿಕ್ಕ ಸಿಕ್ಕಲ್ಲಿ ಕಡಿದರು. ಕಡಿದದ್ದನ್ನು ಸಾಗಿಸಲಾಗದೆ ಕಾಡಿನಲ್ಲೇ ಕೊಳೆಯಲು ಬಿಟ್ಟರು. ದಕ್ಷಿಣದಲ್ಲಿ ಕಲ್ಲಿದ್ದಲು ಹತ್ತಿರ ಸಿಗದ ಕಾರಣ ಮದರಾಸು ರೈಲ್ವೆಯ ಇಂಜಿನ್ನುಗಳು ಸೌದೆಯನ್ನೇ ಉರಿಸಿದವು. ಮದರಾಸಿನ ಸುತ್ತ ಕರಾವಳಿಯ ಮರಳಿನಲ್ಲಿ ಗಾಳಿಮರದ ತೋಪುಗಳು ಎದ್ದುದಕ್ಕೆ ಈ ಸೌದೆಯ ಬೇಡಿಕೆಯೂ ಒಂದು ಕಾರಣ.

ಗವರ್ನರ್ ಜನರಲ್ ಡಾಲ್‌ಹೌಸಿ 1854ರಲ್ಲಿ ಲೋಕೋಪಯೋಗಿ ಇಲಾಖೆಯನ್ನು ಸ್ಥಾಪಿಸಿದ. ಮರುವರ್ಷ, 1855ರ ಆಗಸ್ಟಿನಲ್ಲಿ, ಕಾಡಿನ ಮರ ಸರ್ಕಾರದ ಸೊತ್ತು ಎಂಬ ಅರಣ್ಯ ಸನದು ಹೊರಡಿಸಿದ. ಮರ ಕೊಳ್ಳುವ ಇಲಾಖೆ ಮತ್ತು ಮರ ಕಾಯುವ ನೀತಿ ಒಬ್ಬನೇ ಆಡಳಿತಗಾರನ ಮೇಜಿನಿಂದ ಒಂದರ ಹಿಂದೆ ಒಂದು ಬಂದದ್ದು ಕಾಕತಾಳೀಯವಲ್ಲ. ಬರ್ಮಾದ ಪೆಗು ಪ್ರಾಂತ್ಯದಲ್ಲಿ ತೇಗದ ಕಾಡು ನೋಡಿಕೊಳ್ಳುತ್ತಿದ್ದ ಜರ್ಮನಿಯ ಸಸ್ಯವಿಜ್ಞಾನಿ ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಇಡೀ ದೇಶದ ಅರಣ್ಯಗಳ ಇನ್ಸ್‌ಪೆಕ್ಟರ್ ಜನರಲ್ ಆದ. 1865ರಲ್ಲಿ ಮೊದಲ ಅರಣ್ಯ ಕಾಯ್ದೆ, 1878ರಲ್ಲಿ ಇನ್ನೂ ಬಿಗಿಯಾದ ಎರಡನೆಯದು ಬಂದವು.

ಈ ಕಥೆಯ ಒಂದು ಮುಖ್ಯ ಅಧ್ಯಾಯ ಮಲೆನಾಡಿನದು. ಮದರಾಸಿನಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ವೈದ್ಯಕೀಯ ಕಲಿತ ಹ್ಯೂ ಕ್ಲೆಗಾರ್ನ್ 1840ರ ದಶಕದಲ್ಲಿ ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ. ಬಿಡುವಿನಲ್ಲಿ ಗಿಡಮರ ನೋಡುವುದು, ಸ್ಥಳೀಯ ಚಿತ್ರಗಾರನಿಂದ ಅವುಗಳ ಚಿತ್ರ ಬರೆಸುವುದು ಅವನ ಅಭ್ಯಾಸ. ನಗರ ಸೀಮೆಯ ಕಾಡು ಬೋಳಾಗುತ್ತಿರುವುದು ಅವನ ಕಣ್ಣಿಗೆ ಬಿದ್ದದ್ದು ಆಗಲೇ. 1850ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘವು ಉಷ್ಣವಲಯದ ಅರಣ್ಯನಾಶದ ಪರಿಣಾಮ ತಿಳಿಯಲು ಸಮಿತಿಯೊಂದನ್ನು ಮಾಡಿತು. ಮರುವರ್ಷ ಅದರ ವರದಿ ಮಂಡಿಸಿದವರಲ್ಲಿ ಕ್ಲೆಗಾರ್ನ್ ಪ್ರಮುಖ. 1856ರಲ್ಲಿ ಅವನು ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. ಆಗ ಕೆನರಾ ಜಿಲ್ಲೆ ಮದರಾಸಿಗೇ ಸೇರಿತ್ತು. ಉತ್ತರ ಭಾಗ ಮುಂಬೈ ಪ್ರಾಂತ್ಯಕ್ಕೆ ಹೋದದ್ದು 1862ರಲ್ಲಿ.

ಕ್ಲೆಗಾರ್ನನ ಬರಹಗಳಲ್ಲಿ ಎರಡು ಅಪಾಯಗಳ ಮಾತು ಬರುತ್ತದೆ. ಒಂದು, ಗುಡ್ಡಗಳಲ್ಲಿ ಕಾಡು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯ. ಇನ್ನೊಂದು, ರೈಲ್ವೆ ಮತ್ತು ಲೋಕೋಪಯೋಗಿ ಕೆಲಸಗಳಿಗೆ ಏರುತ್ತಲೇ ಇದ್ದ ಮರದ ಬೇಡಿಕೆ. ಕ್ರಮ ಜರುಗಿದ್ದು ಮೊದಲನೆಯದರ ಮೇಲೆ. 1860ರಲ್ಲಿ ಮದರಾಸು ಸರ್ಕಾರ ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಎರಡನೆಯದಕ್ಕೆ ನಿಷೇಧವಿರಲಿಲ್ಲ, ವ್ಯವಸ್ಥೆ ಇತ್ತು: ಯಾವ ಕೂಪಿನಲ್ಲಿ, ಎಷ್ಟು ಸುತ್ತಳತೆಯ ಮರವನ್ನು, ಎಷ್ಟು ಸಂಖ್ಯೆಯಲ್ಲಿ ಕಡಿಯಬೇಕು ಎಂಬ ನಿಯಮ. ಕಾಳಿ ನದಿಯಲ್ಲಿ ತೆಪ್ಪ ಕಟ್ಟಿ ಕರಾವಳಿಗೆ ಇಳಿಸುತ್ತಿದ್ದ ತೇಗಕ್ಕೆ ಮತ್ತಿ, ಹೊನ್ನೆ, ನಂದಿ, ಜಂಬೆ, ಕಿರಾಲಬೋಗಿ ಮರಗಳೂ ಕ್ರಮೇಣ ಜೊತೆಯಾದವು. ದಾಂಡೇಲಿಯ ಕಾಡಿನ ನಾಟಾ ಹೊರತರಲೆಂದೇ ಅಳ್ನಾವರದಿಂದ ಒಂದು ಕವಲು ಮಾರ್ಗ ಹಾಕಲಾಯಿತು. ಸ್ಲೀಪರಿಗಾಗಿ ಮರ, ಮರ ತರಲು ರೈಲು, ಆ ರೈಲಿಗೆ ಮತ್ತೆ ಸ್ಲೀಪರ್!

ಮರದ ಬದಲಿಗೆ ಬೇರೆ ವಸ್ತು ಹುಡುಕುವ ಪ್ರಯತ್ನ ರೈಲಿನಷ್ಟೇ ಹಳೆಯದು. ಕಾಡು ಉಳಿಸುವುದು ಅದರ ಗುರಿಯಾಗಿರಲಿಲ್ಲ. ಗೆದ್ದಲು ಮತ್ತು ಸಾಗಣೆ ವೆಚ್ಚದಿಂದ ಪಾರಾಗಬೇಕಿತ್ತು, ಅಷ್ಟೇ. ಬಾಣಲೆಯನ್ನು ಬೋರಲು ಹಾಕಿದಂತಿದ್ದ ಗ್ರೀವ್ಸ್ ಮಾದರಿಯ ಎರಕದ ಕಬ್ಬಿಣದ ಸ್ಲೀಪರ್ 19ನೇ ಶತಮಾನದಲ್ಲೇ ಭಾರತದ ಹಳಿಗಳ ಕೆಳಗೆ ಸೇರಿತು. ಕ್ರಿಯೊಸೋಟ್ ಎಣ್ಣೆ ಕುಡಿಸಿದ ಪೈನ್ ಸ್ಲೀಪರ್ ಯುರೋಪಿನ ಬಾಲ್ಟಿಕ್ ತೀರದಿಂದ, ಜಾರಾ ಮರ ಆಸ್ಟ್ರೇಲಿಯಾದಿಂದ ಹಡಗೇರಿ ಬಂದವು. ಉಕ್ಕಿನ ತೊಟ್ಟಿ ಸ್ಲೀಪರ್, ಸಿಎಸ್‌ಟಿ-9 ಎಂಬ ಎರಕದ ಕಬ್ಬಿಣದ ಮಾದರಿ 20ನೇ ಶತಮಾನದಲ್ಲಿ ಮಾಮೂಲಾದವು. 1906ರಲ್ಲಿ ಸ್ಥಾಪನೆಯಾದ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು ಕಡಿಮೆ ಬಾಳಿಕೆಯ ಮರಗಳಿಗೆ ರಾಸಾಯನಿಕ ಕುಡಿಸಿ ಆಯಸ್ಸು ಹೆಚ್ಚಿಸುವ ದಾರಿ ಹುಡುಕಿತು. ಅಲ್ಲಿಯ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ಸಂರಕ್ಷಕವನ್ನು ರೂಪಿಸಿದರು. ಜಗತ್ತಿನಾದ್ಯಂತ ವಿದ್ಯುತ್ ಕಂಬ, ಬೇಲಿ ಕಂಬಗಳಿಗೆ ಅದು ಬಳಕೆಯಾಯಿತು.

ಇಂಥ ಸಂಸ್ಕರಣೆಯ ಲಾಭ ನಷ್ಟ ಎಣಿಸಹೊರಟರೆ ಲೆಕ್ಕ ನೇರವಾಗಿ ಕೂಡುವುದಿಲ್ಲ. ಸ್ಲೀಪರಿನ ಆಯಸ್ಸು ಇಮ್ಮಡಿಯಾದರೆ ಕಡಿಯುವ ಮರ ಅರ್ಧಕ್ಕಿಳಿಯಬೇಕು. ಆದರೆ ಹಿಂದೆ ಉಪಯೋಗಕ್ಕೆ ಬಾರದೆಂದು ಬಿಟ್ಟಿದ್ದ ಹಿಮಾಲಯದ ಚೀಡ್ ಪೈನ್‌ನಂಥ ಜಾತಿಗಳಿಗೂ ಈಗ ಗಿರಾಕಿ ಹುಟ್ಟಿಕೊಂಡ. ಕೊಡಲಿ ಬೀಳದಿದ್ದ ಇಳಿಜಾರುಗಳಿಗೂ ಅದು ಹತ್ತಿತು. ಕ್ರಿಯೊಸೋಟ್, ಆರ್ಸೆನಿಕ್ ಮಣ್ಣಿಗಿಳಿಯುವ ಪ್ರಶ್ನೆ ಎದ್ದದ್ದು ದಶಕಗಳ ನಂತರ. ಹರಾಜಿನಲ್ಲಿ ಹೋದ ಹಳೆಯ ಸ್ಲೀಪರ್‌ಗಳು ಬೇಲಿಗೂ ಮೇಜು ಬೆಂಚಿಗೂ ಒದಗಿದಾಗ ಆ ಎಣ್ಣೆಯ ವಾಸನೆಯೂ ಜೊತೆಗೆ ಮನೆ ಸೇರಿತು.

ಸ್ವಾತಂತ್ರ್ಯದ ನಂತರದ 1952ರ ಅರಣ್ಯ ನೀತಿ ಈ ವಿಷಯದಲ್ಲಿ ಹಳೆಯ ದಾರಿಯಲ್ಲೇ ನಡೆಯಿತು. ರಕ್ಷಣೆ, ಸಂಪರ್ಕ, ಕೈಗಾರಿಕೆಗಳಿಗೆ ಮರದ ಪೂರೈಕೆ ನಿಲ್ಲಬಾರದು ಎಂಬುದು ಅದರ ಕಾಳಜಿಗಳಲ್ಲೊಂದು. ರೈಲ್ವೆಯಲ್ಲಿ ನಿಜವಾದ ಬದಲಾವಣೆ ತಂದದ್ದು ಕಾಂಕ್ರೀಟ್. 1960ರ ದಶಕದ ಪ್ರಯೋಗಗಳ ನಂತರ 1980ರ ದಶಕದಿಂದ ಪೂರ್ವಪ್ರಬಲಿತ ಕಾಂಕ್ರೀಟ್ ಸ್ಲೀಪರ್ ಭರದಿಂದ ಹರಡಿತು. ಒಂದೊಂದರ ತೂಕ 260 ಕಿಲೋಗ್ರಾಮಿಗೂ ಮೇಲೆ. ಒಳಗೆ ಬಿಗಿಯಾಗಿ ಎಳೆದ ಉಕ್ಕಿನ ತಂತಿಯ 18 ಎಳೆಗಳು. ಬಾಳಿಕೆ 50 ವರ್ಷವೆಂಬ ಅಂದಾಜು. 1992ರಲ್ಲಿ ಮೀಟರ್‌ಗೇಜನ್ನು ಬ್ರಾಡ್‌ಗೇಜಾಗಿ ಬದಲಿಸುವ ಯೋಜನೆ ಆರಂಭವಾದಾಗ ಕರ್ನಾಟಕದ ಬಹುಪಾಲು ಮಾರ್ಗಗಳಲ್ಲಿ ಹಳೆಯ ಸ್ಲೀಪರ್ ಕಿತ್ತು ಕಾಂಕ್ರೀಟ್ ಹಾಸಲಾಯಿತು. ಒಂದು ಕಾಲಕ್ಕೆ ಹಡಗಿಗೂ ಹಳಿಗೂ ತೇಗ ಒದಗಿಸಿದ ಉತ್ತರ ಕನ್ನಡದ ನಡುವೆ ಹಾದು 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ ನಿಂತಿರುವುದೂ ಕಾಂಕ್ರೀಟಿನ ಮೇಲೆಯೇ. ಮರ ಉಳಿದುಕೊಂಡದ್ದು ಸೇತುವೆ, ಹಳಿ ಕವಲೊಡೆಯುವ ಜಾಗಗಳಂಥ ಕಡೆ. ಅಲ್ಲಿಂದಲೂ ಉಕ್ಕು ಮತ್ತು ಸಂಯುಕ್ತ ವಸ್ತುಗಳು ಅದನ್ನು ಹೊರದೂಡುತ್ತ ಬಂದಿವೆ.

ಇದನ್ನು ಪರಿಸರ ನೀತಿಯ ಗೆಲುವೆಂದು ಬರೆದುಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಕಾಡಿನ ಕಾಳಜಿ ಇರದಿದ್ದರೆ ರೈಲ್ವೆ ಮರದಲ್ಲೇ ಉಳಿಯುತ್ತಿತ್ತೆ? ಉಳಿಯುತ್ತಿರಲಿಲ್ಲ. ಬೆಸುಗೆ ಹಾಕಿದ ಉದ್ದ ಹಳಿಗಳು ಬಿಸಿಲಿಗೆ ಹಿಗ್ಗಿ ಡೊಂಕಾಗದಂತೆ ಹಿಡಿದಿಡಲು ಭಾರವಾದ ಸ್ಲೀಪರ್ ಬೇಕಿತ್ತು. ವೇಗ ಮತ್ತು ಸರಕಿನ ಭಾರ ಏರುತ್ತಿತ್ತು. ಒಳ್ಳೆಯ ಮರದ ಬೆಲೆಯೂ ಏರಿತ್ತು. ಕಾಂಕ್ರೀಟ್ ಗೆದ್ದದ್ದು ಹೆಚ್ಚಾಗಿ ಇಂಜಿನಿಯರಿಂಗಿನ ಕಾರಣಕ್ಕೆ. ಅರಣ್ಯ ನೀತಿ ಅದಕ್ಕೆ ಒಂದು ಕೈ ಸೇರಿಸಿತು. ಖರೀದಿ ನೀತಿಯ ಪರಿಣಾಮ ಅಳೆಯುವವರಿಗೆ ಎದುರಾಗುವ ಮೊದಲ ಕಷ್ಟವೇ ಇದು: ಹೇಗೂ ಆಗಲಿದ್ದ ಬದಲಾವಣೆಯನ್ನು ನೀತಿಯ ಖಾತೆಗೆ ಜಮಾ ಮಾಡುವುದು.

1988ರ ರಾಷ್ಟ್ರೀಯ ಅರಣ್ಯ ನೀತಿ ದಿಕ್ಕು ಬದಲಿಸಿತು. ಮರದ ಬದಲಿಗೆ ಬೇರೆ ವಸ್ತುಗಳ ಬಳಕೆಯನ್ನು ಸಾಧ್ಯವಾದಷ್ಟು ಹೆಚ್ಚಿಸುವುದು ಅದರ ಮೂಲ ಉದ್ದೇಶಗಳಲ್ಲಿ ಒಂದಾಯಿತು. ಕೈಗಾರಿಕೆಗಳಿಗೆ ರಿಯಾಯಿತಿ ದರದಲ್ಲಿ ಅರಣ್ಯೋತ್ಪನ್ನ ಕೊಡುವ ಪದ್ಧತಿ ನಿಲ್ಲಬೇಕು, ಮರದ ಆಮದು ಸಡಿಲವಾಗಬೇಕು ಎಂದೂ ಹೇಳಿತು. ಐದು ವರ್ಷದ ನಂತರ, 1993ರಲ್ಲಿ, ಡಾಲ್‌ಹೌಸಿಯ ಕಾಲದ ಇಲಾಖೆಯ ವಾರಸುದಾರ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡ ಕಾಮಗಾರಿಗಳಲ್ಲಿ ಮರ ಬಳಸುವುದನ್ನೇ ನಿಷೇಧಿಸಿತು. ದೇಶದ ಅತಿ ದೊಡ್ಡ ಕಟ್ಟಡ ಸಂಸ್ಥೆಗಳಲ್ಲಿ ಒಂದು ಮರದ ಅಂಗಡಿಯಿಂದ ಎದ್ದು ಹೊರಟುಹೋಯಿತು.

ಬಾಗಿಲಿನಲ್ಲಿ ಇದರ ಫಲ ಎದ್ದು ಕಾಣುತ್ತದೆ. ಹಳೆಯ ಸರ್ಕಾರಿ ವಸತಿಗೃಹದಲ್ಲಿ ತೇಗದ ಅಥವಾ ಸಾಲದ ದಪ್ಪ ಚೌಕಟ್ಟು, ಹಲಗೆ ಕೂಡಿಸಿದ ಬಾಗಿಲು, ಹಿತ್ತಾಳೆಯ ಚಿಲಕ ಇರುತ್ತಿದ್ದವು. 1993ರ ನಂತರದ ಕಟ್ಟಡಗಳಲ್ಲಿ ಒತ್ತಿದ ಉಕ್ಕಿನ ಹಾಳೆಯ ಚೌಕಟ್ಟು, ಅಲ್ಯೂಮಿನಿಯಂ ಕಿಟಕಿ, ಸ್ನಾನದ ಮನೆಗೆ ಪಿವಿಸಿ ಬಾಗಿಲು, ಉಳಿದೆಡೆ ಮರದ ಪುಡಿ ಒತ್ತಿ ಮಾಡಿದ ಹಲಗೆ ಬಂದವು. ಕೇಂದ್ರದ ದರಪಟ್ಟಿಯನ್ನು ಬೇರೆ ಬೇರೆ ಸಂಸ್ಥೆಗಳೂ ಅನುಸರಿಸುವುದರಿಂದ ಈ ಬಾಗಿಲು ಬ್ಯಾಂಕು, ಕಾಲೇಜು, ಅಂಚೆ ಕಚೇರಿಗಳಿಗೂ ಹಬ್ಬಿತು. ಮಳೆಗಾಲದಲ್ಲಿ ಬುಡ ತುಕ್ಕು ಹಿಡಿದ ಚೌಕಟ್ಟು ಕರಾವಳಿಯ ಸರ್ಕಾರಿ ಕಟ್ಟಡಗಳ ಗುರುತೇ ಆಗಿದೆಯೆಂದರೂ ತಪ್ಪಿಲ್ಲ.

1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅನುಮೋದಿತ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವುದನ್ನು ತಡೆಯಿತು. ಈಶಾನ್ಯದ ಏಳು ರಾಜ್ಯಗಳಿಂದ ಹೊರಗೆ ಮರ ಸಾಗಿಸುವುದನ್ನೂ ನಿಲ್ಲಿಸಿತು. ಆ ಆದೇಶದಲ್ಲೊಂದು ವಿನಾಯಿತಿ ಇತ್ತು: ರಕ್ಷಣೆ ಮತ್ತು ಇತರ ಸರ್ಕಾರಿ ಉದ್ದೇಶಗಳಿಗೆ ಬೇಕಾದ ಪ್ರಮಾಣೀಕೃತ ಮರಕ್ಕೆ ಈ ತಡೆ ಅನ್ವಯಿಸದು. ಅತಿ ದೊಡ್ಡ ಗಿರಾಕಿಗೆ ಹಿಂಬಾಗಿಲು ತೆರೆದಿಡುವ ಅಭ್ಯಾಸ ಹೊಸದೇನಲ್ಲ. 1860ರಲ್ಲಿ ಕುಮರಿಗೆ ಒಂದು ನ್ಯಾಯ, ರೈಲಿಗೆ ಇನ್ನೊಂದು ಎಂದಾಗಲೂ ನಡೆದದ್ದು ಅದೇ.

ಹಾಗಿದ್ದರೆ 1993ರ ನಿಷೇಧದಿಂದ ಕಾಡು ಉಳಿಯಿತೆ? 1987ರಿಂದ ಹೊರಬರುತ್ತಿರುವ ಭಾರತೀಯ ಅರಣ್ಯ ಸಮೀಕ್ಷೆಯ ವರದಿಗಳಲ್ಲಿ ಅರಣ್ಯ ಹೊದಿಕೆ ಕುಸಿದಿಲ್ಲ, ನಿಧಾನವಾಗಿ ಏರಿದೆ. ಆದರೆ ಆ ಹೊದಿಕೆಯಲ್ಲಿ ತೋಟ, ನೆಡುತೋಪುಗಳೂ ಸೇರಿವೆ. ಅದೇ ಅವಧಿಯಲ್ಲಿ ಹಸಿರು ಮರ ಕಡಿತಲೆಯ ಮೇಲಿನ ನಿರ್ಬಂಧ, ನ್ಯಾಯಾಲಯದ ತಡೆ, ಆಮದಿನ ಸಡಿಲಿಕೆ ಎಲ್ಲವೂ ಒಟ್ಟಿಗೆ ಬಂದಿವೆ. ಇವುಗಳಲ್ಲಿ ಖರೀದಿ ನಿಷೇಧದ ಪಾಲನ್ನು ಬೇರ್ಪಡಿಸಲು ಮೊದಲು ಎಷ್ಟು ಮರ ಕೊಳ್ಳಲಾಗುತ್ತಿತ್ತು, ಯಾವ ಜಾತಿಯದು, ಯಾವ ಕಾಡಿನದು ಎಂಬ ಲೆಕ್ಕ ಬೇಕು. ಟೆಂಡರಿನ ಕಡತದಲ್ಲಿ ಅಳತೆ ಮತ್ತು ದರ ಇರುತ್ತದೆ. ಮರದ ಮೂಲ ಇರುವುದಿಲ್ಲ.

ಅರ್ಥಶಾಸ್ತ್ರಜ್ಞ ಡೊನಾಲ್ಡ್ ಮಾರನ್ 1997ರ ಲೇಖನವೊಂದರಲ್ಲಿ ತೋರಿಸಿದ ತರ್ಕ ಇಲ್ಲಿ ಒದಗುತ್ತದೆ. ಸರ್ಕಾರ ಹಸಿರು ವಸ್ತುವನ್ನು ಹೆಚ್ಚು ಕೊಂಡರೆ ಅದರ ಬೆಲೆ ಏರಿ ಖಾಸಗಿ ಗಿರಾಕಿಗಳು ಅಗ್ಗವಾದ ಇನ್ನೊಂದರ ಕಡೆ ಸರಿಯಬಹುದು. ಹಾಗಾದಾಗ ಒಟ್ಟು ಲಾಭ ಸರ್ಕಾರದ ಕಡತದಲ್ಲಿ ಕಾಣುವುದಕ್ಕಿಂತ ಕಡಿಮೆ. ಮರದ ವಿಷಯದಲ್ಲೂ ಹಾಗೆಯೇ. ಸರ್ಕಾರ ಸಂತೆ ಬಿಟ್ಟಿತೆಂದು ಖಾಸಗಿಯವರು ಬಿಡಲಿಲ್ಲ. ತೇಗದ ಮುಂಬಾಗಿಲು ಮನೆಯ ಮರ್ಯಾದೆಯ ಗುರುತಾಗಿಯೇ ಉಳಿಯಿತು. ಮಂಗಳೂರಿನ ನವಬಂದರು ಮೊದಲಾದ ಕಡೆ ಮಲೇಷ್ಯಾ, ಮ್ಯಾನ್ಮಾರ್, ಆಫ್ರಿಕಾಗಳ ದಿಮ್ಮಿಗಳು ಇಳಿದವು. ಇಲ್ಲಿಯ ಕಾಡಿಗೆ ಬಿಡುವು ಸಿಕ್ಕರೂ ಅದರ ಒಂದಷ್ಟು ಹೊರೆ ಬೇರೆ ದೇಶದ ಕಾಡಿಗೆ ಹೋಯಿತು. 2014ರಲ್ಲಿ ಮ್ಯಾನ್ಮಾರ್ ಇಡೀ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು.

ಬದಲಿ ವಸ್ತುಗಳಿಗೂ ತಮ್ಮದೇ ಬೆಲೆಯಿದೆ. ಒಂದು ಕಿಲೋ ಅಲ್ಯೂಮಿನಿಯಂ ಕರಗಿಸಿ ತೆಗೆಯಲು ಸುಮಾರು 14–15 ಯೂನಿಟ್ ವಿದ್ಯುತ್ ಬೇಕು. ಭಾರತದಲ್ಲಿ ಅದು ಬರುವುದು ಬಹುತೇಕ ಕಲ್ಲಿದ್ದಲಿನಿಂದ. ಆ ಕಲ್ಲಿದ್ದಲೂ ಬಾಕ್ಸೈಟೂ ಇರುವುದು ಒಡಿಶಾ, ಛತ್ತೀಸಗಡಗಳ ಕಾಡಿನ ಕೆಳಗೆ. 1993ರಲ್ಲಿ ಈ ಲೆಕ್ಕ ಹಾಕಿದವರು ವಿರಳ. ಮರ ಕಡಿಯದಿರುವುದೇ ಆಗ ಪರಿಸರ ರಕ್ಷಣೆ. ಇಂಗಾಲದ ಲೆಕ್ಕ ಮುನ್ನೆಲೆಗೆ ಬಂದ ಮೇಲೆ ಚಿತ್ರ ತಿರುಗಿತು. ನೆಟ್ಟು ಬೆಳೆಸಿದ ಮರ ಬಾಗಿಲಾಗಿ ನಿಂತಷ್ಟು ವರ್ಷ ಇಂಗಾಲವನ್ನು ಹಿಡಿದಿಡುತ್ತದೆ ಎಂಬ ವಾದ ಬಲವಾಯಿತು.

ಇನ್ನೊಂದು ಏಟು ಬಿದ್ದದ್ದು ರೈತರ ಮೇಲೆ. ಅರಣ್ಯ ಸಮೀಕ್ಷೆಯ 2011ರ ವರದಿಯ ಅಂದಾಜಿನಂತೆ ಕಾಡಿನಿಂದ ವರ್ಷಕ್ಕೆ ಬರುತ್ತಿದ್ದ ನಾಟಾ ಸುಮಾರು 32 ಲಕ್ಷ ಘನ ಮೀಟರ್. ಕಾಡಿನ ಹೊರಗಿನ ಮರಗಳಿಂದ ಸಿಗಬಹುದಾದದ್ದು 4.2 ಕೋಟಿಗೂ ಮೇಲೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್, ಬಯಲುಸೀಮೆಯ ನೀಲಗಿರಿ, ಇತ್ತೀಚಿನ ಹೆಬ್ಬೇವು ಎಲ್ಲ ಈ ಎರಡನೆಯ ಗುಂಪಿನವು. ಕಾಡಿನ ಮರ, ಹೊಲದ ಮರ ಎಂದು ನೋಡದೆ ಎಲ್ಲವನ್ನೂ ಬೇಡವೆಂದ ನಿಷೇಧದಿಂದ ಮರ ನೆಡುವ ರೈತನಿಗೆ ದೊಡ್ಡದೊಂದು ಗಿರಾಕಿ ತಪ್ಪಿತು. ವಾಟ್ಸನ್ನನ ಏಕಸ್ವಾಮ್ಯದಲ್ಲೂ ಇಲ್ಲೂ ಕಾಡಿನ ಹೊರಗೆ ಮರ ಬೆಳೆಸುವವನೇ ಪೆಟ್ಟು ತಿಂದವನು.

ಬೇರೆ ದೇಶಗಳ ಅನುಭವದಲ್ಲಿ ಇಲ್ಲಿಗೆ ಹೊಂದುವ ಎರಡು ಮೂರು ಸಂಗತಿಗಳಿವೆ. 2002ರಲ್ಲಿ ಲಂಡನ್ನಿನ ಕ್ಯಾಬಿನೆಟ್ ಕಚೇರಿಯ ನವೀಕರಣಕ್ಕೆ ಆಫ್ರಿಕಾದ ಸಪೇಲಿ ಮರದ ಬಾಗಿಲು ಕೂರಿಸುತ್ತಿದ್ದಾಗ ಗ್ರೀನ್‌ಪೀಸ್ ಕಾರ್ಯಕರ್ತರು ಕಟ್ಟಡಕ್ಕೆ ನುಗ್ಗಿದರು. ಮರ ಎಲ್ಲಿಂದ ಬಂತೆಂದು ತೋರಿಸಬೇಕೆಂಬ ನಿಯಮ ಅಷ್ಟರಲ್ಲೇ ಜಾರಿಯಲ್ಲಿತ್ತು, ಪಾಲನೆ ಇರಲಿಲ್ಲ. ಬ್ರಿಟನ್ ಮರವನ್ನು ನಿಷೇಧಿಸುವ ಬದಲು ಪುರಾವೆ ಪರಿಶೀಲಿಸುವ ವ್ಯವಸ್ಥೆಯನ್ನು ಮುಂದಿನ ವರ್ಷಗಳಲ್ಲಿ ಬಿಗಿಗೊಳಿಸಿತು. ಜಪಾನಿನಲ್ಲಿ 2001ರಿಂದ ಜಾರಿಗೆ ಬಂದ ಹಸಿರು ಖರೀದಿ ಕಾಯ್ದೆ ಸರ್ಕಾರಿ ಕಚೇರಿಗಳು ಮರುಬಳಕೆಯ ಕಾಗದ ಕೊಳ್ಳುವಂತೆ ಮಾಡಿತು. ಅಂಕಿಅಂಶಗಳಲ್ಲಿ ಸಾಧನೆ ಹೊಳೆಯಿತು. 2008ರ ಜನವರಿಯಲ್ಲಿ ದೊಡ್ಡ ಕಾಗದ ಕಂಪನಿಗಳು ಒಂದರ ಹಿಂದೆ ಒಂದು ತಪ್ಪೊಪ್ಪಿಕೊಂಡವು: ಹೊಸ ವರ್ಷದ ಅಂಚೆ ಕಾರ್ಡಿನಿಂದ ಹಿಡಿದು ಕಚೇರಿ ಕಾಗದದವರೆಗೆ ಹೇಳಿದ್ದಕ್ಕಿಂತ ಬಹಳ ಕಡಿಮೆ ಹಳೆಯ ಕಾಗದ ಬೆರೆಸಲಾಗಿತ್ತು. ಖರೀದಿ ಆದೇಶಗಳನ್ನು ಎಣಿಸಿ ಪರಿಣಾಮ ಅಳೆದರೆ ಆಗುವ ಮೋಸ ಇದು.

ತಿರುಗುಮುರುಗಾದ ನಿದರ್ಶನವೂ ಉಂಟು. ಟಿಮೊಥಿ ಸಿಮ್ಕೋ ಮತ್ತು ಮೈಕೆಲ್ ಟಾಫೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಕ್ಯಾಲಿಫೋರ್ನಿಯಾದ ನಗರಗಳನ್ನು ಹೋಲಿಸಿ ನೋಡಿತು. ಪುರಸಭೆಯ ಸ್ವಂತ ಕಟ್ಟಡಗಳಿಗೆ ಹಸಿರು ಮಾನದಂಡ ಕಡ್ಡಾಯ ಮಾಡಿದ ನಗರಗಳಲ್ಲಿ, ನಿಯಮ ಅನ್ವಯಿಸದ ಖಾಸಗಿ ಕಟ್ಟಡಗಳಲ್ಲೂ ಅದೇ ಮಾನದಂಡ ಹರಡಿತ್ತು. ಕೆಲಸ ಬಲ್ಲ ವೃತ್ತಿಪರರೂ ಸಾಮಗ್ರಿಯೂ ಅಲ್ಲಿ ಹೆಚ್ಚಿದ್ದುದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಹೋಲಿಸಲು ನೀತಿ ಇರುವ ಊರೂ ಇಲ್ಲದ ಊರೂ ಸಿಕ್ಕಿದ್ದರಿಂದ ಇದು ಸಾಧ್ಯವಾಯಿತು. ದೇಶಕ್ಕೆಲ್ಲ ಒಂದೇ ದಿನ ಹೊರಟ 1993ರ ಆದೇಶಕ್ಕೆ ಅಂಥ ಜೋಡಿ ಇಲ್ಲ.

ಭಾರತದಲ್ಲಿ 1991ರಲ್ಲಿ ಇಕೋಮಾರ್ಕ್ ಎಂಬ ಮುದ್ರೆ ಬಂತು. ಸಾಬೂನು, ಕಾಗದ, ಬಣ್ಣಗಳ ಜೊತೆ ಮರದ ಬದಲಿ ವಸ್ತುಗಳೂ ಅದರ ಪಟ್ಟಿಯಲ್ಲಿದ್ದವು. ಮುದ್ರೆಯಿರುವ ವಸ್ತುವನ್ನೇ ಕೊಳ್ಳಬೇಕೆಂಬ ಕಟ್ಟುಪಾಡು ಸರ್ಕಾರಿ ಇಲಾಖೆಗಳಿಗೆ ಇಲ್ಲದ್ದರಿಂದ ತಯಾರಕರು ಅದಕ್ಕಾಗಿ ಮುಂದೆ ಬಂದದ್ದು ಕಡಿಮೆ. ಕಡಿಮೆ ದರ ಕೂಗಿದವನಿಗೆ ಟೆಂಡರ್ ಎಂಬ ರೂಢಿ ಬಲವಾಗಿತ್ತು. ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯ ಗಮನವೂ ಸ್ಪರ್ಧೆ ಮತ್ತು ಬೆಲೆಯ ಮೇಲೆಯೇ ಇತ್ತು. 2017ರಲ್ಲಿ ಪರಿಷ್ಕೃತವಾದ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು ಪರಿಸರದ ಅಂಶವನ್ನು ಪರಿಗಣಿಸಲು ಎಡೆ ಮಾಡಿಕೊಟ್ಟವು.

ಕೇಂದ್ರ ಲೋಕೋಪಯೋಗಿ ಇಲಾಖೆ ಮರದ ಮೇಲಿನ ನಿಷೇಧವನ್ನು 2020ರಲ್ಲಿ ಹಿಂತೆಗೆದುಕೊಂಡಿತು. ಹಾಗೆ ಮಾಡಿ ಎಂದು ಕೇಳಿದ್ದು ಪರಿಸರ ಸಚಿವಾಲಯವೇ. ಕೃಷಿ ಅರಣ್ಯಕ್ಕೆ ಮಾರುಕಟ್ಟೆ ಬೇಕು, ಉಕ್ಕು ಅಲ್ಯೂಮಿನಿಯಂಗಿಂತ ಮರ ಹವಾಮಾನಕ್ಕೆ ಹಿತ ಎಂಬ ಕಾರಣ ನೀಡಿತು. 27 ವರ್ಷ ಜಾರಿಯಲ್ಲಿದ್ದ ಆದೇಶ ಬಂದದ್ದೂ ಹೋದದ್ದೂ ಪರಿಸರದ ಹೆಸರಿನಲ್ಲೇ. ಈಗ ಸರ್ಕಾರ ಮತ್ತೆ ಮರ ಕೊಳ್ಳಬಹುದು. ಆ ಮರ ಹೊಲದ್ದೋ ಕಾಡಿನದೋ ಎಂದು ತಿಳಿಯಲು 2023ರ ಡಿಸೆಂಬರಿನಲ್ಲಿ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆ ಆರಂಭವಾಗಿದೆ. ಕಾಡು, ನೆಡುತೋಪು, ರೈತರ ಮರ ಮೂರಕ್ಕೂ ಅದು ಅನ್ವಯಿಸುತ್ತದೆ. ಸೇರುವುದು ಬಿಡುವುದು ಬೆಳೆಗಾರರ ಇಚ್ಛೆ.